ಬಿದ್ದವರಿಗೊಂದು ಹಗ್ಗ

ನನ್ನ ಗಂಡ ಗಜೇಂದ್ರಗಡದ ಕ್ರೈಸ್ತ ಸಭೆಗೆ ಉಪದೇಶಿಯಾಗಿದ್ದರು. ಸಭೆಯೆಂದರೆ ಏನು ಮಹಾ! ನೇಕಾರರ ಏಳೆಂಟು ಮನೆ, ತಗಡಿನ ಮಾಡಿನ ಒಂದು ದೇವಾಲಯ, ಅದರ ಹಿಂದೆ ನಮ್ಮ ಎರಡು ಖೋಲಿ, ಒಂದು ಬಾವಿ. ಕನ್ನಡ ನಾಡು ಒಂದಾಗುವುದಕ್ಕೆ ಇನ್ನೂ ಎರಡು ವರ್ಷವಿತ್ತು. ನಾವು ಮುಂಬೈ ಸರಕಾರದವರು, ಪ್ರಾರ್ಥನೆಯಲ್ಲಿ ಮಾತ್ರ ಬೈಬಲ್ಲಿನ ಕನ್ನಡದವರು. ಆ ಕನ್ನಡ ಊರಿನವರಿಗೆ ಅರ್ಧವೂ ತಿಳಿಯುವುದಿಲ್ಲವೆಂದು ಮದುವೆಯಾದಾಗಿನಿಂದ ನಾನು ಹೇಳುತ್ತಲೇ ಇದ್ದೆ. ಉಪದೇಶ ಮಾಡುವವರಿಗೆ ಉಪದೇಶ ಕೇಳಿ ರೂಢಿ ಇರುವುದಿಲ್ಲ.

ಫಕೀರವ್ವ ನಮ್ಮ ಓಣಿಯ ನೇಕಾರರಿಗೆ ನೂಲಿನ ಕಂಡಕಿ ಸುತ್ತಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದ ಮುದುಕಿ. ಅವಳು ನಮ್ಮ ಸಭೆಯವಳಲ್ಲ. ಆದರೂ ಭಾನುವಾರ ಬಾಗಿಲ ಹೊರಗೆ, ಬಿಟ್ಟ ಚಪ್ಪಲಿಗಳ ಪಕ್ಕದಲ್ಲಿ ಕೂತು ಕೊನೆಯ ತನಕ ಕೇಳುತ್ತಿದ್ದಳು. ಒಂದು ದಿನ ನಮ್ಮ ಮನೆಯ ಕಟ್ಟೆಗೆ ಬಂದು, ತನಗೆ ದೀಕ್ಷಾಸ್ನಾನ ಬೇಕು ಎಂದಳು. ಎಷ್ಟೋ ವರ್ಷದಿಂದ ಸಭೆಗೆ ಹೊಸಬರೇ ಬಂದಿರಲಿಲ್ಲ. ನನ್ನ ಗಂಡನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಯಾಕ ಬೇಕವ್ವಾ ನಿನಗ?" ಎಂದು ನಾನೇ ಕೇಳಿದೆ.

"ನೀವೆಲ್ಲಾ ಎದ್ದ ನಿಂತು ಅಂತೀರಲ್ರಿ ಅಮ್ಮಾರ, ನಿಮ್ಮ ಸ್ವಾಮಿ ಸತ್ತ ಮ್ಯಾಲೆ ಪಾತಾಳಕ್ಕ ಇಳದಾ ಅಂತ. ನಮ್ಮ ದೇವರೆಲ್ಲಾ ಗುಡ್ಡದ ಮ್ಯಾಲ ಕುಂತಾರ. ಕೆಳಗ ಇಳದಾಂವ ಇವನೊಬ್ಬನ. ನನ್ನ ಕರೆವ್ವ ಅಲ್ಲೇ ಅದಾಳ್ರಿ. ನಾ ಅವನ ಕಡಿಯಾಕಿ ಆದ್ರ, ಆಕಿನ್ನ ಮ್ಯಾಲ ತಾ ಅಂತ ಕೇಳಾಕ ಬರತೈತಿ."

ಕರೆವ್ವ ಅವಳ ಒಬ್ಬಳೇ ಮಗಳು. ಹತ್ತಿರದ ಸೂಡಿ ಊರಿಗೆ ಕೊಟ್ಟಿದ್ದರು. ತುಂಬು ಬಸುರಿ, ಗಂಡನ ಹೊಡೆತ ತಾಳದೆ ತವರಿಗೆ ಓಡಿ ಬಂದಿದ್ದಳು. ಅವನು ಕರೆದೊಯ್ಯಲು ಬಂದ ದಿನ ಊರ ಹೊರಗಿನ ಬಾವಿಗೆ ಹಾರಿಕೊಂಡಳು. ಸುತ್ತ ಜನ ನೆರೆದಿದ್ದರು, ಕೈಯಲ್ಲಿ ಹಗ್ಗವೂ ಇತ್ತು. 'ತಾನಾಗಿ ಹಾರಿದಾಕಿ ಹಗ್ಗ ಹಿಡೀತಾಳೇನು?' ಎಂದು ಒಬ್ಬನೂ ಬಿಡಲಿಲ್ಲ. ಬಸುರಿ ಸತ್ತರೆ ಪಿಶಾಚಿಯಾಗುತ್ತಾಳೆಂದು ಹೆಣವನ್ನು ಹಳ್ಳದ ದಂಡೆಯಲ್ಲಿ ಹೂತು, ಎದ್ದು ಬರದಿರಲಿ ಎಂದು ಮೇಲೆ ಸಾಸಿವೆ ಚೆಲ್ಲಿ ಕಬ್ಬಿಣದ ಮೊಳೆ ಹೊಡೆದರು. ಅಂದಿನಿಂದ ಊರಿಗೆಲ್ಲ ಅವಳು ಪಿಶಾಚಿ. ಫಕೀರವ್ವ ಮಾತ್ರ ದಿನಾ ಸಂಜೆ ಹಳ್ಳದ ದಂಡೆಗೆ ಹೋಗಿ ಒಂದು ರೊಟ್ಟಿ, ಚೂರು ಖಾರ ಇಟ್ಟು ಬರುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಅನ್ನಲಿ.

ನಮ್ಮ ಕಟ್ಟೆಯ ಮೇಲೆ ಪಾಠ ಶುರುವಾಯಿತು. ಮುದುಕಿ ಹೇಳಿದ್ದನ್ನೆಲ್ಲ ಚೆನ್ನಾಗಿಯೇ ನೆನಪಿಟ್ಟುಕೊಂಡಳು. ಕೊನೆಗೆ, ನೀರು ಹಾಕುವ ಮೊದಲು ಪಾದ್ರಿಗಳು ಕೇಳುವ ಪ್ರಶ್ನೆಗಳು ಬಂದವು. ಪಿಶಾಚಿಯನ್ನು ತ್ಯಜಿಸುತ್ತೀಯಾ ಎಂಬ ಪ್ರಶ್ನೆಗೆ ಅವಳು ಕಣ್ಣು ಪಿಳಿಪಿಳಿ ಬಿಟ್ಟಳು.

"ತ್ಯಜಿಸೂದು ಅಂದ್ರ ಬಿಡೂದವ್ವಾ," ಎಂದರು ನನ್ನ ಗಂಡ. "ಪಿಶಾಚಿನ್ನ ಬಿಡ್ತೀನಿ ಅನ್ನಬೇಕು."

ಅವಳ ಮುಖ ಕಪ್ಪಿಟ್ಟಿತು. "ಯಾಕ ಬಿಡ್ಲಿ, ಉಪದೇಶಿಯಪ್ಪಾರ? ಆಕಿ ಯಾರಿಗೆ ಏನ್ ಮಾಡ್ಯಾಳ?"

ಅವರಿಗೆ ತಿಳಿಯಲಿಲ್ಲ. ಮತ್ತೆ ಅದನ್ನೇ ಹೇಳಿದರು, ಇನ್ನಷ್ಟು ಗಟ್ಟಿಯಾಗಿ. ನಾನು ಒಳಗಿನಿಂದ ಬಂದು, "ಆಕಿ ಮಗಳನ್ನ ಬಿಡು ಅಂದಂಗ ಆತಲ್ರಿ, ತುಸು ತಿಳಿಸಿ ಹೇಳ್ರಿ," ಎಂದೆ. ಅವರಿಗೆ ನಾಚಿಕೆಯಾಯಿತು. ದನಿ ತಗ್ಗಿಸಿದರು.

"ನಿನ್ನ ಮಗಳ ಮಾತಲ್ಲವ್ವಾ ಇದು. ಇವ ಬ್ಯಾರೆ, ಸೈತಾನ. ಮೊದಲ ದೇವರ ಹತ್ರ ಇದ್ದ ದೂತ. ಸೊಕ್ಕಿನಿಂದ ಬಿದ್ದ."

"ಬಿದ್ದಾ? ಎಲ್ಲಿಗ್ರಿ?"

"ಪಾತಾಳಕ್ಕ."

"ದೇವರು ಹಗ್ಗ ಬಿಡಲಿಲ್ಲೇನ್ರಿ?"

ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟರು: "ತಾನಾಗಿ ಬಿದ್ದಾಂವ ಹಗ್ಗ ಹಿಡೀತಾನೇನವ್ವಾ?"

ಅಂದ ಕೂಡಲೇ ಅವರಿಗೂ ಗೊತ್ತಾಯಿತು. ಫಕೀರವ್ವ ಅಳಲಿಲ್ಲ, ಸಿಟ್ಟಿಗೂ ಏಳಲಿಲ್ಲ.

"ಬಾವಿ ದಂಡಿಗೆ ನಿಂತವರೂ ಹಿಂಗ ಅಂದಿದ್ರು," ಎಂದಳು. "ಅವಗ ಎಂದೂ ಕ್ಷಮಾ ಇಲ್ಲೇನ್ರಿ?"

"ಎಂದೂ ಇಲ್ಲ. ಅವ ಬೇಡಾಂಗಿಲ್ಲ. ತಪ್ಪಾತು ಅಂತ ಅನ್ನಾಂಗಿಲ್ಲ."

"ಮುಳಗಿದಾಂವ ಹ್ಯಾಂಗ ಬೇಡ್ತಾನ್ರಿ? ಬಾಯಿತುಂಬ ನೀರಿರತಾವ."

ಅಂದು ನನ್ನ ಗಂಡ ಊಟಕ್ಕೆ ಕೂತವರು ರೊಟ್ಟಿ ಮುರಿದು ಹಾಗೇ ಇಟ್ಟರು. ನಾನು ಸುಮ್ಮನಿರುವವಳಲ್ಲ. "ಮುದುಕಿ ಕೇಳಿದ್ದರಾಗ ಏನ್ ತಪ್ಪೈತಿ?" ಎಂದೆ.

"ತಪ್ಪಿಲ್ಲ. ಆದ್ರ ನೀ ಒಂದು ಹೇಳು. ಬಸುರಿ ಹೆಂಡ್ತಿ ಹೊಟ್ಟಿಗೆ ಒದ್ದಾನಲ್ಲ ಆಕಿ ಅಳಿಯ, ಆ ಒದ್ದ ಕಾಲಾಗ ಹೊಕ್ಕಾಂವ ಸೈತಾನ ಅಲ್ಲೇನು? ಅವಗ ಕನಿಕರಾ ಅಂದ್ರ, ಕರೆವ್ವಗ ನ್ಯಾಯ ಎಲ್ಲೈತಿ?"

ಆ ಮಾತು ಸರಿಯೇ. ಆದರೆ ನ್ಯಾಯ ಹೇಳುವ ಮನುಷ್ಯನ ಕಣ್ಣಲ್ಲಿ ನೀರು ಯಾಕೆ ಬರಬೇಕಿತ್ತು?

ದೀಕ್ಷಾಸ್ನಾನ ಕೊಡಲು ಗದಗಿನಿಂದ ಪಾದ್ರಿಗಳು ಬರುವ ಭಾನುವಾರ ಹತ್ತಿರವಾಯಿತು. ಪ್ರಶ್ನೆ ಸೈತಾನನದು, ಕರೆವ್ವನದಲ್ಲ ಎಂದು ನನ್ನ ಗಂಡ ಮತ್ತೆ ಮತ್ತೆ ತಿಳಿಹೇಳಿದರು. ಅವಳು ತಲೆಯಾಡಿಸಿದಳು. ಅವಳಿಗೆ ದೀಕ್ಷಾಸ್ನಾನ ಅಷ್ಟು ಬೇಕಾಗಿತ್ತು. ನಾನು ನನ್ನ ಬಿಳಿ ಸೀರೆ ಒಗೆದು ಉಡಿಸಿದೆ. ಭಾನುವಾರ ಅವಳು ಮೊದಲ ಸಲ ಚಪ್ಪಲಿಗಳನ್ನು ದಾಟಿ ಒಳಗೆ ಬಂದು ನೀರಿನ ಬೋಗುಣಿಯ ಮುಂದೆ ನಿಂತಳು.

ನಂಬುತ್ತೀಯಾ ಎಂದಾಗ "ನಂಬತೀನ್ರಿ" ಎಂದಳು. ಪಾದ್ರಿಗಳು ಪುಟ ಮಗುಚಿದರು. ಪಿಶಾಚಿಯನ್ನು ಬಿಡುತ್ತೀಯಾ ಎಂದರು. ಅವಳಿಗೆ ಸುಲಭವಾಗಲಿ ಎಂದು 'ತ್ಯಜಿಸು' ತೆಗೆದು 'ಬಿಡು' ಅನ್ನಿರೆಂದು ನನ್ನ ಗಂಡನೇ ಕೇಳಿಕೊಂಡಿದ್ದರು.

ಫಕೀರವ್ವ ಬೋಗುಣಿಯ ನೀರನ್ನು ನೋಡಿದಳು.

"ಬಿಡೂದಿದ್ರ ಹಗ್ಗ ಬಿಡ್ತೀನ್ರಿ," ಎಂದಳು. "ಆಕಿನ್ನ ಬಿಡಾಂಗಿಲ್ಲ. ನಿಮ್ಮ ಆ ಬಿದ್ದಾಂವನ್ನೂ ಬಿಡಾಂಗಿಲ್ಲ. ಅವನ್ನ ಹಡದಾಕಿ ಯಾರೂ ಇಲ್ಲಂತ ಕಾಣತೈತಿ."

ಪಾದ್ರಿಗಳು ಕೆಟ್ಟವರಲ್ಲ. ಮೆತ್ತಗೆ ಮತ್ತೊಮ್ಮೆ ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವರು ಪುಸ್ತಕ ಮುಚ್ಚಿ, "ಇನ್ನೂ ತುಸು ದಿನ ಹೋಗ್ಲಿ," ಎಂದರು. ಫಕೀರವ್ವ ಎಲ್ಲರಿಗೂ ಕೈಮುಗಿದು ಹೊರಗೆ ಹೋಗಿ, ಚಪ್ಪಲಿಗಳ ಪಕ್ಕದ ತನ್ನ ಜಾಗದಲ್ಲಿ ಕೂತಳು. ಪ್ರಾರ್ಥನೆ ಮುಗಿಯುವ ತನಕ ಎದ್ದು ಹೋಗಲಿಲ್ಲ.

ತುಸು ದಿನ ಹೋಗಲಿಲ್ಲ. ಆ ಬೇಸಿಗೆಯಲ್ಲೇ ಜ್ವರ ಬಂದು ಸತ್ತಳು. ನಮ್ಮ ದೇವಾಲಯದ ಒಳಗೆ ಕಾಲಿಟ್ಟಿದ್ದಳೆಂದು ಅವಳ ಕಡೆಯವರು ಹೆಣಕ್ಕೆ ಹೆಗಲು ಕೊಡಲಿಲ್ಲ. ನೀರು ಬೀಳದವಳೆಂದು ನಮ್ಮ ಹಿರಿಯರು ಸಭೆಯ ಮಣ್ಣಿನಲ್ಲಿ ಜಾಗ ಕೊಡಲಿಲ್ಲ. ಎಲ್ಲರ ಬಳಿಯೂ ಕಾರಣವಿತ್ತು, ಹಗ್ಗ ಒಬ್ಬರ ಬಳಿಯೂ ಇರಲಿಲ್ಲ. ನನಗೆ ಆ ದಿನ ಎರಡೂ ಜಾತಿಯವರ ಮೇಲೆ ಉಗುಳಬೇಕೆನಿಸಿತ್ತು.

ಕೊನೆಗೆ ನನ್ನ ಗಂಡನೂ ನೇಕಾರ ಯಾಕೋಬಪ್ಪನೂ ಹಳ್ಳದ ದಂಡೆಯಲ್ಲಿ, ಕರೆವ್ವನ ಮಗ್ಗುಲಲ್ಲೇ ಕುಣಿ ತೋಡಿದರು. ನಾನು ಉಡಿಸಿದ್ದ ಬಿಳಿ ಸೀರೆಯಲ್ಲೇ ಸುತ್ತಿದ್ದೆವು. ಇಳಿಸಲು ಬೇರೇನೂ ಸಿಗದೆ ನಮ್ಮ ಬಾವಿಯ ಹಗ್ಗ ಬಿಚ್ಚಿ ತಂದಿದ್ದರು. ದೀಕ್ಷೆಯಿಲ್ಲದವಳಿಗೆ ಓದುವ ಪ್ರಾರ್ಥನೆ ನಮ್ಮ ಪುಸ್ತಕದಲ್ಲಿಲ್ಲ. ಅವರು ಪುಸ್ತಕವನ್ನು ತಂದೇ ಇರಲಿಲ್ಲ.

ಹೆಣ ತಳ ಮುಟ್ಟಿತು. "ಹಗ್ಗ ಎಳಕೋಳೂಣ್ರಿ," ಎಂದು ಯಾಕೋಬಪ್ಪ ತನ್ನ ತುದಿ ಜಗ್ಗಿದ.

ನನ್ನ ಗಂಡ ತಮ್ಮ ಕೈಯಲ್ಲಿದ್ದ ತುದಿಯನ್ನು ಕುಣಿಯೊಳಗೆ ಬಿಟ್ಟರು.

"ಇರ್ಲಿ ಬಿಡು," ಎಂದರು. "ಆಕಿಗೆ ಕೆಳಗ ಬೇಕಾಗತೈತಿ."

ಮರುದಿನ ಬೆಳಿಗ್ಗೆ ನೀರಿಗೆ ಹೋದರೆ ಬಾವಿಯ ಗಡಗಡಿ ಹಗ್ಗವಿಲ್ಲದೆ ಬರಿದಾಗಿತ್ತು. ಉಪ್ಪು ಹೆಚ್ಚಾದರೂ ಕಮ್ಮಿಯಾದರೂ ಗಂಡನನ್ನೇ ಬೈಯುವವಳು ನಾನು, ಅಂದು ಕೊಡ ಸೊಂಟಕ್ಕಿಟ್ಟುಕೊಂಡು ಹಗ್ಗ ಕೇಳಲು ಯಾಕೋಬಪ್ಪನ ಮನೆಗೆ ಹೋದೆ.