ಹಗ್ಗ ಹಿಡಿದವರು ಸುಮ್ಮನೆ ತಲೆಯಾಡಿಸಬಾರದು

ನಮ್ಮ ಜನಕ್ಕೆ ಒಂದು ಅಭ್ಯಾಸವಿದೆ. ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇದ್ದರೆ ಹೇಳುವುದಿಲ್ಲ, ಸಕ್ಕರೆ ಕಾಯಿಲೆ ಇದ್ದರೆ ಹೇಳುವುದಿಲ್ಲ, ಕಿವಿ ಕೇಳಿಸದಿದ್ದರಂತೂ ಹೇಳುವುದೇ ಇಲ್ಲ. ಅದರಲ್ಲೂ ಮದುವೆಗೆ ಬಂದ ಹುಡುಗಿ ಮನೆಯಲ್ಲಿದ್ದರೆ ಮುಗಿಯಿತು, ಬಾಯಿಗೆ ಬೀಗ. ಮುಂಬಯಿ ಪಕ್ಕದ ಡೊಂಬಿವಲಿಯ ಜಯಲತಾ ಅವರೂ ಹೀಗೆಯೇ ಇದ್ದರು. ಒಳ್ಳೆಯ ಹೆಂಗಸು, ಬುದ್ಧಿವಂತೆ, ಆದರೆ ಈ ಒಂದು ವಿಷಯದಲ್ಲಿ ಮಹಾ ಹಟಮಾರಿ.

ಅವರ ಗಂಡ ತಾರಾನಾಥ ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಒಬ್ಬಳೇ ಮಗಳು ತೃಷಾ, ವಯಸ್ಸು ಇಪ್ಪತ್ತಮೂರು, ರಬಾಳೆಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ. ಏಳನೆಯ ವಯಸ್ಸಿನಲ್ಲಿ ಮೆದುಳು ಜ್ವರ ಬಂದು ಎರಡೂ ಕಿವಿಗಳ ಶಕ್ತಿ ಹೋಯಿತು, ಮಾತು ಉಳಿಯಿತು. ಎದುರಿಗೆ ನಿಂತವರ ತುಟಿ ನೋಡಿ ಕನ್ನಡ, ಹಿಂದಿ, ಮರಾಠಿ ಮೂರನ್ನೂ ತಿಳಿದುಕೊಳ್ಳುತ್ತಾಳೆ. ಕಿವಿಯ ಮೆಷಿನ್ ಕೂದಲ ಕೆಳಗೆ ಅಡಗಿರುತ್ತದೆ. "ಕೇಳದಿದ್ದರೂ ಹ್ಞಾಂ ಅಂತ ತಲೆ ಆಡಿಸು, ಸ್ವಲ್ಪ ನಗಾಡು. ಯಾರಿಗೂ ಗೊತ್ತಾಗುದಿಲ್ಲ" ಎಂದು ತಾಯಿಯೇ ಹೇಳಿಕೊಟ್ಟಿದ್ದರು. ಹದಿನಾರು ವರ್ಷ ತೃಷಾ ಹಾಗೆಯೇ ಮಾಡಿದಳು. ಬಿಲ್ಡಿಂಗಿನಲ್ಲಿ ಅವಳಿಗೆ ಬಹಳ ವಿನಯದ ಹುಡುಗಿ ಎಂಬ ಹೆಸರು ಬಂತು.

ಆ ತೃಷಾ ದೀಪಾವಳಿ ಕಳೆದ ಮೇಲೆ ಒಂದು ಫಾರ್ಮ್ ತಂದು ತಾಯಿಯ ಎದುರಿಗೆ ಇಟ್ಟಳು. ಬಂಡೆ ಹತ್ತುವುದನ್ನು ಕಲಿಸುವ ಕೋರ್ಸ್, ಹೊಸಬರಿಗೆಂದೇ ಇರುವುದು. ದಪ್ಪಗಿರುವವರು, ಐವತ್ತು ದಾಟಿದವರು, ಕಾಲು ಊನವಾದವರು, ಕಿವಿ ಕೇಳಿಸದವರು, ಯಾರು ಬೇಕಾದರೂ ಸೇರಬಹುದು ಎಂದು ಅದರಲ್ಲೇ ಬರೆದಿತ್ತು.

"ನಿಂಗೆ ಎಂತ ಮರ್ಲಾ?" ಎಂದರು ಜಯಲತಾ. "ರೋಡ್ ದಾಟುವಾಗ ನಾನು ಕೈ ಹಿಡೀಬೇಕು. ಬಂಡೆ ಹತ್ತುತ್ತಾಳಂತೆ!"

"ಅಮ್ಮಾ, ಶರ್ಮಿಳಾ ಆಂಟಿ ಹೋದ ವರ್ಷ ಮಾಡಿದ್ದಾರೆ. ಪೂಛೋ ನಾ ಉನಸೆ, ಅವರನ್ನೇ ಕೇಳು."

ಎರಡನೇ ಮಹಡಿಯ ಶರ್ಮಿಳಾ ಕಲ್ಯಾಣದ ಆಸ್ಪತ್ರೆಯಲ್ಲಿ ನರ್ಸ್. ನಲವತ್ತಾರು ವರ್ಷ, ಎಂಬತ್ತೆರಡು ಕಿಲೋ ತೂಕ. ಹೇಳಿ ಕಳಿಸಿದ ಕೂಡಲೇ ಮೇಲೆ ಬಂದರು.

"ಜಯಕ್ಕ, ಒಂದೇ ಉಸಿರಿಗೆ ಮೇಲಿನ ತನಕ ಹತ್ತುದಲ್ಲ ಅದು. ಹಂತ ಹಂತ ಉಂಟು. ಒಬ್ಬರು ಮೊದಲು ಹತ್ತಿ, ನಿಲ್ಲುವಷ್ಟು ಜಾಗ ಸಿಕ್ಕಿದಲ್ಲಿ ತಮ್ಮನ್ನು ಬಂಡೆಗೆ ಕಟ್ಟಿಕೊಳ್ತಾರೆ. ಮತ್ತೆ ಮೇಲಿಂದ ಹಗ್ಗ ಹಿಡಿದು ಹಿಂದಿನವರನ್ನು ಹತ್ತಿಸ್ತಾರೆ. ಎಲ್ಲ ಸೇರಿದ ಮೇಲೆ ಅಲ್ಲಿಂದ ಇನ್ನೊಂದು ಹಂತ. ನನ್ನಂಥ ಭೀಮಕಾಯವೇ ಎರಡು ಹಂತ ಹತ್ತಿದೆ. ಈ ಸಲ ಮೂರು ಹಂತದ ಇದೇ ಕೋರ್ಸಿಗೆ ಹೊರಟಿದ್ದೇನೆ. ತೃಷಾ ನನ್ನ ಜೊತೆ ಬರ್ಲಿ."

"ಬಿದ್ರೆ?"

"ಕಾಲು ಜಾರಿದ್ರೆ ಹಗ್ಗ ಹಿಡೀತದೆ. ತಲೆಗೆ ಹೆಲ್ಮೆಟ್, ಸೊಂಟಕ್ಕೆ ಬೆಲ್ಟು. ಕಲಿಸುವವರು ತರಬೇತಿ ಆದವರು. ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುದಿಲ್ಲ. ನಿಯಮ ಬಿಟ್ರೆ ಅಪಾಯ ಉಂಟು. ನಮ್ಮ ಲೋಕಲ್ ರೈಲಿನಲ್ಲಿ ಬಾಗಿಲಿಗೆ ನೇತಾಡ್ತಾರಲ್ಲ, ಅವರಿಗೆ ಯಾವ ಹಗ್ಗ ಉಂಟು ಹೇಳಿ?"

ಜಯಲತಾ ಅರ್ಧ ಮೆತ್ತಗಾದರು. ಆದರೆ ಫಾರ್ಮಿನಲ್ಲಿ ಒಂದು ಕಾಲಂ ಇತ್ತು: ನಿಮ್ಮ ಆರೋಗ್ಯ ಮತ್ತು ದೇಹದ ಬಗ್ಗೆ ನಮಗೆ ತಿಳಿದಿರಬೇಕಾದದ್ದು ಏನು? ಅಲ್ಲಿ ಅವರ ಕಣ್ಣು ನಿಂತಿತು. ಬದಲಾಪುರದ ಪ್ರಭಕ್ಕ ತೃಷಾಗೆ ಒಂದು ಸಂಬಂಧ ತಂದಿದ್ದರು. ಕಿವಿಯ ಸುದ್ದಿ ಅವರಿಗೆ ಇನ್ನೂ ಹೇಳಿರಲಿಲ್ಲ.

"ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ ಜಯಕ್ಕ? ಒಂದು ದಿನ ಗೊತ್ತಾಗ್ಲೇಬೇಕಲ್ಲ. ಬರೆಯಿರಿ" ಎಂದರು ಶರ್ಮಿಳಾ.

"ಹೋಗುದಾದ್ರೆ ಹೋಗ್ಲಿ. ಅದು ಮಾತ್ರ ಬೇಡ. ನೀನೂ ಬಾಯಿ ಬಿಡ್ಬೇಡ ಮಾರಾಯ್ತಿ" ಎಂದು ಹೇಳಿ ಜಯಲತಾ ತಾವೇ ಪೆನ್ನು ತೆಗೆದುಕೊಂಡು 'ಏನೂ ಇಲ್ಲ' ಎಂದು ಬರೆದರು. ಪಕ್ಕದಲ್ಲಿ ಕುಳಿತ ತೃಷಾ ಅಭ್ಯಾಸಬಲದಿಂದ ತಲೆಯಾಡಿಸಿದಳು. ಶರ್ಮಿಳಾ ಮುಖ ಗಂಟಿಕ್ಕಿಕೊಂಡೇ ಕೆಳಗೆ ಇಳಿದರು.

ಸಾನಪಾಡಾದಲ್ಲಿ ಕೋರ್ಸಿನವರದ್ದೊಂದು ಅಭ್ಯಾಸದ ಗೋಡೆ ಇದೆ. ಎರಡನೆಯ ಭಾನುವಾರ ಮನೆಯವರೂ ಬಂದು ನೋಡಬಹುದು ಎಂದಿದ್ದರಿಂದ ಜಯಲತಾ ಡಬ್ಬಿ ತುಂಬ ಗೋಳಿಬಜೆ ಕಟ್ಟಿಕೊಂಡು ಹೋದರು. ಕಲಿಸುವವರು ಜಟ್ಟೆಪ್ಪ, ವಿಜಯಪುರ ಕಡೆಯವರು. ತೃಷಾ ಬೆಲ್ಟಿಗೆ ಹಗ್ಗ ಕಟ್ಟುತ್ತಿದ್ದಳು. ಜಟ್ಟೆಪ್ಪ ಅವಳ ಹಿಂದಿನಿಂದ ಬಂದರು.

"ಗಂಟು ಪೂರಾ ಆತೇನ ತಂಗಿ?"

ಯಾರೋ ಏನೋ ಕೇಳಿದರು ಎಂದು ಮಾತ್ರ ಅವಳಿಗೆ ಗೊತ್ತಾಯಿತು. ನಗುತ್ತಾ ತಲೆಯಾಡಿಸಿದಳು.

"ಹತ್ತಾಕ ತಯಾರೇನು?"

ಮತ್ತೆ ತಲೆಯಾಡಿಸಿದಳು. ಜಟ್ಟೆಪ್ಪ ಮುಂದೆ ಬಂದು ಎರಡು ಬೆರಳಿನಲ್ಲಿ ಹಗ್ಗವನ್ನು ಎಳೆದರು. ಗಂಟು ಸಲೀಸಾಗಿ ಬಿಚ್ಚಿ ಕೈಗೆ ಬಂತು. ಜಯಲತಾ ಅವರ ಜೀವ ಬಾಯಿಗೆ ಬಂತು. ಆದರೂ ಹಳೆಯ ಚಾಳಿ ಎಲ್ಲಿ ಹೋದೀತು?

"ಅವಳಿಗೆ ಎಲ್ಲ ಗೊತ್ತುಂಟು ಸರ್! ಸ್ವಲ್ಪ ಹೆದರಿಕೆ ಅಷ್ಟೆ" ಎಂದು ಬೆಂಚಿನಿಂದಲೇ ಕೂಗಿದರು.

"ನಾ ಆಕೀನ ಕೇಳೇನ್ರಿ ಅವ್ವಾರ" ಎಂದರು ಜಟ್ಟೆಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ಗಂಟು ಎಲ್ಲಾರಿಗೂ ತಪ್ಪತೈತಿ. ಅದು ದೊಡ್ಡದಲ್ಲ. ಆದ್ರ ತಿಳೀಲಾರದ ಹೂಂ ಅಂದ್ರ, ಅವರನ್ನ ನಾ ಕಲ್ಲಿನ ಮ್ಯಾಲ ಕರಕೊಂಡು ಹೋಗಂಗಿಲ್ಲ. ಮ್ಯಾಲ ಇನ್ನೊಬ್ಬರ ಜೀವ ಈಕಿ ಕೈಯಾಗಿರತೈತ್ರಿ."

ಎಲ್ಲರೂ ಇತ್ತ ನೋಡುತ್ತಿದ್ದರು. ತೃಷಾ ಒಬ್ಬೊಬ್ಬರ ತುಟಿಯನ್ನೂ ಗಾಬರಿಯಿಂದ ನೋಡುತ್ತಿದ್ದಳು. ಆ ನೋಟವನ್ನು ತಾಯಿಗೆ ತಾಳಲಾಗಲಿಲ್ಲ. ಎದ್ದು ನಿಂತರು.

"ಅವಳಿಗೆ ಕಿವಿ ಕೇಳುದಿಲ್ಲ ಸರ್. ತಲೆ ಆಡಿಸ್ಲಿಕ್ಕೆ ಕಲಿಸಿದ್ದು ನಾನು. ಫಾರ್ಮಿನಲ್ಲಿ ಸುಳ್ಳು ಬರೆದದ್ದೂ ನಾನೇ."

ಹದಿನಾರು ವರ್ಷದಲ್ಲಿ ಮೊದಲ ಸಲ ಹೊರಗಿನವರ ಮುಂದೆ ಆ ಮಾತು ಬಂದಿತ್ತು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು ಅವರಿಗೆ. ಭೂಮಿಗೆ ಅಂಥ ಆತುರವೇನೂ ಇರಲಿಲ್ಲ.

"ಇಷ್ಟ ಏನ್ರಿ?" ಎಂದರು ಜಟ್ಟೆಪ್ಪ. "ಮೊದಲನೇ ದಿನಾನ ಹೇಳಿದ್ರ ನಾ ಆಕಿ ಮುಂದ ನಿಂತು ಮಾತಾಡ್ತಿದ್ನಲ್ರಿ!"

ಜಯಲತಾ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಜಟ್ಟೆಪ್ಪ ತೃಷಾಳ ಎದುರಿಗೆ ನಿಂತು, ನಿಧಾನವಾಗಿ, ಕೈಸನ್ನೆ ಸೇರಿಸಿ ಹೇಳಿದರು: "ತಂಗಿ, ತಿಳೀಲಿಲ್ಲಂದ್ರ 'ಇನ್ನೊಮ್ಮೆ ಹೇಳ್ರಿ' ಅನ್ನು. ನೂರು ಸಲ ಕೇಳು, ನಾ ನೂರು ಸಲ ಹೇಳ್ತೀನಿ."

ಅಂದಿನಿಂದ ಅವರು ಇಡೀ ತಂಡಕ್ಕೆ ಹಗ್ಗದ ಭಾಷೆ ಕಲಿಸತೊಡಗಿದರು. ಮೂರು ಸಲ ಉದ್ದಕ್ಕೆ ಎಳೆದರೆ 'ನಾನು ಬಂಡೆಗೆ ಕಟ್ಟಿಕೊಂಡಿದ್ದೇನೆ.' ಎರಡು ಸಲ ಎಳೆದರೆ 'ನೀನು ಹತ್ತು.' ಕೆಳಗಿನವರು ಅಷ್ಟೇ ಸಲ ಎಳೆದು ಉತ್ತರ ಕೊಡಬೇಕು. ಉತ್ತರ ಬರುವವರೆಗೆ ಯಾರೂ ಮುಂದಿನ ಕೆಲಸ ಮಾಡುವಂತಿಲ್ಲ. ರಾತ್ರಿ ಊಟದ ಹೊತ್ತಿಗೆ ಇದನ್ನು ಕೇಳಿದ ತಾರಾನಾಥ, "ಇದು ನಮ್ಮ ಹೋಟೆಲಿನ ಪದ್ಧತಿಯೇ! ಎರಡು ಮಸಾಲೆ ಅಂತ ಕೂಗಿದ್ರೆ ಒಳಗಿಂದ ಎರಡು ಮಸಾಲೆ ಅಂತ ವಾಪಸ್ ಬರ್ಬೇಕು. ಭಟ್ರು ತಲೆ ಆಡಿಸಿದ್ರೆ ಯಾರಿಗೆ ಕಾಣ್ತದೆ?" ಎಂದು ನಕ್ಕರು.

ಜನವರಿಯ ಒಂದು ಬೆಳಿಗ್ಗೆ ಬದಲಾಪುರದಾಚೆಯ ಬಂಡೆಯ ಬುಡದಲ್ಲಿ ಎಲ್ಲರೂ ಸೇರಿದರು. ಜಯಲತಾ ತಲೆಯೆತ್ತಿ ನೋಡಿದರು. ಮೊದಲ ಹಂತವೇ ಎಂಟು ಮಹಡಿಯಷ್ಟು ಎತ್ತರ. ತೃಷಾ ಮತ್ತು ಶರ್ಮಿಳಾ ಒಬ್ಬರ ಗಂಟನ್ನು ಇನ್ನೊಬ್ಬರು ಮುಟ್ಟಿ ನೋಡಿದರು. ಜಟ್ಟೆಪ್ಪ ಮೊದಲು ಹತ್ತಿದರು, ಕೆಳಗೆ ಅವರ ಹಗ್ಗ ಹಿಡಿದವಳು ತೃಷಾ. ಸಹಾಯಕ್ಕೆ ನಿಕಿತಾ ಎಂಬ ಇನ್ನೊಬ್ಬ ಶಿಕ್ಷಕಿ ಅವಳ ಹಿಂದೆ ಅದೇ ಹಗ್ಗ ಹಿಡಿದು ನಿಂತಿದ್ದಳು.

ಜಟ್ಟೆಪ್ಪ ಮೇಲಿನ ಕಟ್ಟೆಯ ಅಂಚು ದಾಟಿ ಕಣ್ಮರೆಯಾದರು. ಅಷ್ಟರಲ್ಲಿ ಗಾಳಿ ಎದ್ದಿತು. ಮೇಲಿನಿಂದ ಏನೋ ಕೂಗಿದ ಹಾಗಾಯಿತು.

"ಎಂತ ಹೇಳಿದ್ರು? ಹತ್ತು ಅಂದ್ರಾ, ನಿಲ್ಲು ಅಂದ್ರಾ?" ಜಯಲತಾ ಶರ್ಮಿಳಾರ ತೋಳು ಹಿಡಿದರು.

"ನಂಗೂ ಕೇಳ್ಲಿಲ್ಲ ಜಯಕ್ಕ." ನಿಕಿತಾಗೂ ಕೇಳಿಸಿರಲಿಲ್ಲ.

ತೃಷಾಳ ಕೈಯಲ್ಲಿದ್ದ ಹಗ್ಗಕ್ಕೆ ಮೂರು ಎಳೆತ ಬಂತು. ಅವಳು ಅವಸರ ಮಾಡಲಿಲ್ಲ. ಮೂರು ಸಲ ಎಳೆದು ಉತ್ತರ ಕೊಟ್ಟು, ಜಟ್ಟೆಪ್ಪ ಜಾರಿದರೆ ತಡೆಯಲೆಂದು ಬೆಲ್ಟಿನ ಸಾಧನಕ್ಕೆ ಹಾಕಿಕೊಂಡಿದ್ದ ಹಗ್ಗವನ್ನು ಬಿಡಿಸಿದಳು. ಹಗ್ಗದ ಈ ತುದಿಯ ಗಂಟು ಅವಳ ಬೆಲ್ಟಿನಲ್ಲಿ ಹಾಗೇ ಇತ್ತು. ಹಗ್ಗ ಮೇಲೆ ಸರಿಯಿತು, ಬಿಗಿಯಾಯಿತು. ಆಮೇಲೆ ಎರಡು ಎಳೆತ ಬಂತು, ಎರಡು ಎಳೆತದ ಉತ್ತರ ಹೋಯಿತು. ಕೇಳುವ ಕಿವಿ ಇದ್ದ ಮೂವರು ಬಾಯಿ ಬಿಟ್ಟುಕೊಂಡು ನಿಂತಿದ್ದಾಗ ಅವಳು ಬಂಡೆಯ ಮೇಲೆ ಕೈಯಿಟ್ಟು ಹತ್ತಲು ಶುರುಮಾಡಿದಳು. ಎಂಥ ಹತ್ತುವಿಕೆ ಅದು! ಕಾಲಿಡುವ ಮೊದಲು ನೋಡುವುದು, ನೋಡಿದಲ್ಲೇ ಕಾಲಿಡುವುದು. ರೋಡ್ ದಾಟಿಸಲು ನಾನು ಇವಳ ಕೈ ಹಿಡಿಯುತ್ತಿದ್ದೆನಲ್ಲ ಎಂದು ಜಯಲತಾಗೆ ನಾಚಿಕೆಯಾಯಿತು, ಹೆಮ್ಮೆ ಅದಕ್ಕಿಂತ ಹೆಚ್ಚಾಯಿತು. ಇನ್ನೊಂದು ಹಗ್ಗದಲ್ಲಿ ಶರ್ಮಿಳಾ ಏದುಸಿರು ಬಿಡುತ್ತಾ, ಬಂಡೆಗೆ ತುಳುವಿನಲ್ಲಿ ಬೈಯುತ್ತಾ ಹಿಂದೆ ಹೋದರು. ಮೂರನೆಯ ಹಂತ ಮುಗಿಯುವಾಗ ಮೂರು ಹೆಲ್ಮೆಟ್‌ಗಳು ಸಾಸಿವೆ ಕಾಳಿನಷ್ಟಾಗಿ ಕಂಡವು.

ಹಿಂದಿನ ಕಾಲುದಾರಿಯಿಂದ ಇಳಿದು ಬಂದ ತೃಷಾ ತಾಯಿಯ ಎದುರಿಗೆ ನಿಂತಳು. ಬೆವರಿಗೆ ಅಂಟುತ್ತಿದ್ದ ಕೂದಲನ್ನು ಎತ್ತಿ ಕಟ್ಟಿಕೊಂಡಿದ್ದಳು, ಕಿವಿಯ ಮೆಷಿನ್ ಎಲ್ಲರಿಗೂ ಕಾಣುತ್ತಿತ್ತು.

"ಅಮ್ಮಾ, ಮೇಲೆ ತುಂಬಾ ಗಾಳಿ. ನಂಗೆ ಎಂತದೂ ಕೇಳ್ಲಿಲ್ಲ. ಕಿಸೀಕೋ ಭೀ ನಹೀಂ. ಜಟ್ಟೆಪ್ಪ ಸರ್‌ಗೂ ಇಲ್ಲ, ಆಂಟಿಗೂ ಇಲ್ಲ. ಅಲ್ಲಿ ನಾನು ಎಲ್ಲರ ಹಾಗೇ ಇದ್ದೆ ಅಮ್ಮಾ."

ಜಯಲತಾ ಮಗಳನ್ನು ಬೆಲ್ಟು, ಹಗ್ಗದ ಸಮೇತ ತಬ್ಬಿಕೊಂಡರು. ಆಮೇಲೆ ಅಲ್ಲೇ ಬಂಡೆಯ ನೆರಳಿನಲ್ಲಿ ನಿಂತು ಪ್ರಭಕ್ಕನಿಗೆ ಫೋನ್ ಹಚ್ಚಿದರು.

"ಪ್ರಭಕ್ಕ, ಹುಡುಗನ ಮನೆಯವರಿಗೆ ಮೊದಲೇ ಹೇಳಿ. ನಮ್ಮ ಹುಡುಗಿಗೆ ಕಿವಿ ಕೇಳುದಿಲ್ಲ. ಬರುದಾದ್ರೆ ಬರ್ಲಿ. ಬಂದು ಅವಳ ಎದುರು ಕೂತು ಮಾತಾಡ್ಲಿ."

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬಂಡೆ ಹತ್ತುವ ಆಸೆ ಇಟ್ಟುಕೊಂಡವರು ಇದ್ದಾರು. ಕಿವಿ, ಕಣ್ಣು, ಮೈ ತೂಕ, ವಯಸ್ಸು ಎಂದು ನೆಪ ಹೇಳಿ ಅವರನ್ನು ಕೂರಿಸಬೇಡಿ. ವಿಡಿಯೋ ನೋಡಿ ತಾವಾಗಿ ಹತ್ತಲೂ ಬಿಡಬೇಡಿ. ತರಬೇತಿ ಪಡೆದ ಶಿಕ್ಷಕರು, ಸರಿಯಾದ ಹೆಲ್ಮೆಟ್ ಮತ್ತು ಹಗ್ಗ, ಎಲ್ಲರನ್ನೂ ಸೇರಿಸಿಕೊಳ್ಳುವ ಮನಸ್ಸು ಇರುವ ಕಡೆಗೆ ಕಳಿಸಿ. ದೇಹದ ಸಂಗತಿಯನ್ನು ಮೊದಲ ದಿನವೇ ಬಾಯಿ ಬಿಟ್ಟು ಹೇಳಿ. ಹೇಳಿದರೆ ಮರ್ಯಾದೆ ಹೋಗುವುದಿಲ್ಲ, ಹೇಳದಿದ್ದರೆ ಗಂಟು ಬಿಚ್ಚಿದ್ದು ಯಾರಿಗೂ ತಿಳಿಯುವುದಿಲ್ಲ.