ಕುದಿಸೋಕಾ, ಹೆಚ್ಚೋಕಾ?

ಗಿರಾಕಿ ಅರ್ಧ ಊಟ ಬಿಟ್ಟು ಕೈ ತೊಳೆಯಲು ಎದ್ದರೆ ಹೋಟೆಲಿನವನ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತೆ. ಬಸ್ ನಿಲ್ದಾಣದ ಹಿಂದೆ ನಾಲ್ಕು ಮೇಜಿನ ಹೋಟೆಲು ನಡೆಸುವ ಗಂಡ ಹೆಂಡತಿಗೆ ಈಚೆಗೆ ದಿನವೂ ಇದೇ ಗೋಳು. ಅಡುಗೆ ಹೆಂಡತಿಯದು, ಸಾಮಾನು ತರುವುದು, ಬಡಿಸುವುದು ಗಂಡನದು. ಒರೆಸಿದ ಮೇಜನ್ನೇ ಮತ್ತೆ ಮತ್ತೆ ಒರೆಸುವ ಅವನನ್ನು ಬೀದಿಯವರೆಲ್ಲ ಚೊಕ್ಕಣ್ಣ ಎನ್ನುತ್ತಿದ್ದರು. ಹಳೇ ಮಾರ್ಕೆಟ್ಟಿನ ಕೆಸರು, ಗದ್ದಲ ಎಂದರೆ ಅವನಿಗೆ ಆಗದು. ದೊಡ್ಡ ಅಂಗಡಿಯಿಂದ ಪ್ಲಾಸ್ಟಿಕ್ ಸುತ್ತಿದ ತರಕಾರಿ ತರತೊಡಗಿದ್ದ. ಅಂದಿನಿಂದ ಊಟದ ಜೊತೆ ಕೊಡುವ ಸೂಪು ಸಪ್ಪೆಯಾಗಿತ್ತು.

ಅಂದು ಮಧ್ಯಾಹ್ನ ಎದುರಿನ ಪ್ರೆಸ್ಸಿನ ಕೆಲಸಗಾರರೆಲ್ಲ ಊಟಕ್ಕೆ ಬರುವವರಿದ್ದರು. ರುಚಿ ಹಿಡಿಸಿದರೆ ದಿನವೂ ಊಟ ಇಲ್ಲೇ ಎಂದು ಅವರ ಮೇಲ್ವಿಚಾರಕರು ಹೇಳಿದ್ದರು. ಹಿಡಿಸದಿದ್ದರೆ ಹೋಟೆಲಿನ ಬಾಗಿಲು ಇನ್ನೆಷ್ಟು ದಿನ ತೆರೆದಿರುತ್ತದೋ, ಆ ದೇವರೇ ಬಲ್ಲ.

ಬೆಳಿಗ್ಗೆ ಹೆಂಡತಿ ಟೊಮೆಟೊ ಹೆಚ್ಚಿ ನೋಡಿದಳು. ಹೊರಗೆ ಕೆಂಪು, ಒಳಗೆ ಬಿಳಿ. ಬೀನ್ಸ್ ಪೊಟ್ಟಣದ ತಳದಲ್ಲಿ ಬೂಷ್ಟು.

“ಮೇಲೆ ಥಳಕು, ಒಳಗೆ ಹುಳುಕು. ಇದ್ರಲ್ಲಿ ಏನು ಮಾಡ್ಲಿ ಹೇಳ್ರೀ?”

ಅಷ್ಟರಲ್ಲಿ ಚೊಕ್ಕಣ್ಣನ ಅಕ್ಕ ಒಳಗೆ ಬಂದಳು. ಸೇತುವೆ ಹತ್ತಿರ ತಿಂಡಿ ಗಾಡಿ ಇಟ್ಟಿದ್ದ ಆಕೆ ದಿನವೂ ಮಾರ್ಕೆಟ್ಟಿಗೆ ಹೋಗುವವಳು. ಟೊಮೆಟೊ ಹೋಳು ನೋಡಿದವಳೇ ತಮ್ಮನ ಕೈಗೆ ಚೀಲ ಕೊಟ್ಟಳು. ಅವನು ಕೆಸರಿನ ಮಾತು ತೆಗೆದ.

“ಮಣ್ಣು ತೊಳೆದ್ರೆ ಹೋಗುತ್ತೆ ಕಣೋ. ರುಚಿ ತೊಳೆದ್ರೆ ಬರುತ್ತಾ?”

“ತೂಕದಲ್ಲಿ ಮೋಸ ಮಾಡಿದ್ರೆ?”

“ಮಾಡಿದ್ರೆ ನಾಳೆ ಪಕ್ಕದವಳ ಹತ್ರ ಹೋಗ್ತೀನಿ. ಮೋಸ ಮಾಡಿದವಳು ನಾಳೆನೂ ಅಲ್ಲೇ ಕೂತು ಮಾರ್ಬೇಕಲ್ವೇನೋ?”

ಅವನು ಅಕ್ಕನ ಹಿಂದೆ ಹೊರಟ. ಮಾರ್ಕೆಟ್ಟು ಜೇನುಗೂಡಿನಂತೆ ಗುಂಯ್ ಎನ್ನುತ್ತಿತ್ತು. ತಲೆಹೊರೆಯವರು ದಾರಿ ದಾರಿ ಎನ್ನುತ್ತ ನುಗ್ಗುತ್ತಿದ್ದರು. ಚೊಕ್ಕಣ್ಣ ಪ್ಯಾಂಟು ಮಡಚಿಕೊಂಡು ಬೆಕ್ಕಿನ ಹೆಜ್ಜೆ ಹಾಕಿದ. ಒಂದು ಬುಟ್ಟಿಯಲ್ಲಿ ಗಟ್ಟಿಯಾಗಿ ಮಿರಮಿರ ಮಿಂಚುತ್ತಿದ್ದ ಟೊಮೆಟೊ ಕಂಡು ಕೈ ಹಾಕಿದ. ಮಾರುವಾಕೆ ತಡೆದು ಕೇಳಿದಳು:

“ಕುದಿಸೋಕಾ, ಹೆಚ್ಚೋಕಾ?”

ಅವನು ತಬ್ಬಿಬ್ಬಾದ. ಇಷ್ಟು ದಿನ ಯಾವ ಪೊಟ್ಟಣವೂ ಅವನನ್ನು ಹೀಗೆ ಕೇಳಿರಲಿಲ್ಲ. ಸೂಪಿಗೆ ಎಂದ, ಮೆಲ್ಲಗೆ.

“ಸೂಪಿಗೆ ಈ ಸುಂದರಾಂಗಿ ಯಾಕಣ್ಣ? ಅದು ಹೆಚ್ಚೋಕೆ. ಇದು ತಗೊಳ್ಳಿ. ಇವತ್ತೇ ಒಲೆ ಮೇಲೆ ಹೋಗ್ಬೇಕು, ನಾಳೆಗೆ ಇಟ್ರೆ ನನ್ನ ಬೈಬೇಡಿ.”

ಆಕೆ ಮುಂದೆ ತಳ್ಳಿದ್ದು ಸೊಟ್ಟಪಟ್ಟ, ಮೆತ್ತಗೆ ಹಣ್ಣಾದ ಟೊಮೆಟೊ. ಬೆಲೆಯೂ ಕಡಿಮೆ. ಒಂದನ್ನು ಮೂಗಿನ ಹತ್ತಿರ ಹಿಡಿದ. ಗಿಡದಿಂದ ಈಗಷ್ಟೇ ಕಿತ್ತಂಥ ಘಮ, ಬಾಯಲ್ಲಿ ನೀರೂರಿತು. ಅಲ್ಲಿಂದಾಚೆ ಅವನನ್ನು ಹಿಡಿಯುವವರಿಲ್ಲ. ಬೀನ್ಸ್ ಮುರಿದು ಟಪ್ ಎಂಬ ಸದ್ದು ಕೇಳಿದ, ಸೊಪ್ಪಿನ ಬೇರು ನೋಡಿದ. ಬದನೆಯವನು ತಾನೇ ಇವತ್ತಿನದು ಕಹಿ, ಬೇಡ ಎಂದು ಎದುರಿನ ಕುಂಬಳದವನ ಕಡೆ ಕೈ ತೋರಿಸಿದ. ಬೇಕಾದಷ್ಟೇ ಕೊಯ್ದುಕೊಟ್ಟ ಕುಂಬಳದ ಹೋಳು ಚೀಲ ಸೇರಿತು. ಪ್ಯಾಂಟಿನ ಮಡಿಕೆ ಬಿಚ್ಚಿ ಕೆಸರಿಗೆ ತಾಗಿದ್ದೂ ಗೊತ್ತಾಗಲಿಲ್ಲ. ಒಲೆ ಕಾಯ್ತಿದೆ ಎಂದು ಅಕ್ಕನೇ ತೋಳು ಹಿಡಿದು ಎಳೆದುಕೊಂಡು ಬರಬೇಕಾಯಿತು.

ಮಧ್ಯಾಹ್ನ ಪ್ರೆಸ್ಸಿನವರು ಕೂತರು. ಮೊದಲ ಚಮಚ ಬಾಯಿಗಿಟ್ಟ ಮೇಲೆ ಹರಟೆ ನಿಂತಿತು. ಚೊಕ್ಕಣ್ಣ ಒರೆಸಿದ ಮೇಜಿನ ಅಂಚನ್ನೇ ಮತ್ತೆ ಒರೆಸಿದ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೆರಗಿನ ತುದಿ ಹಿಡಿದು ಮನಸ್ಸಿನಲ್ಲೇ ದೇವರನ್ನು ನೆನೆದಳು. ಮೇಲ್ವಿಚಾರಕರು ಇನ್ನಷ್ಟು ಸೂಪಿಗೆಂದು ಖಾಲಿ ಬಟ್ಟಲು ಮುಂದೆ ಚಾಚಿದರು. ಎಲ್ಲರ ತಟ್ಟೆಯೂ ಬರಿದಾದ ಮೇಲೆ ಕೇಳಿದರು:

“ನಾಳೆ ಊಟಕ್ಕೆ ಏನು ಮಾಡ್ತೀರಿ?”

“ಈಗ್ಲೇ ಹೇಳೋಕಾಗಲ್ಲ ಸಾರ್,” ಎಂದ ಚೊಕ್ಕಣ್ಣ. “ಬೆಳಿಗ್ಗೆ ಮಾರ್ಕೆಟ್ಟಲ್ಲಿ ಏನು ಚೆನ್ನಾಗಿದೆಯೋ ನೋಡ್ತೀನಿ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನಲ್ಲೂ ಅಂಥ ಮಾರ್ಕೆಟ್ಟು ಇದ್ದೇ ಇರುತ್ತದೆ. ಬೆಳಿಗ್ಗೆ ಬೇಗ ಹೋಗಿ. ಮುಟ್ಟಿ, ಮೂಸಿ, ಕೇಳಿ ಕೊಳ್ಳಿ. ಏನು ಅಡುಗೆ, ಯಾವಾಗ ಎಂದು ಮಾರುವವರಿಗೆ ಹೇಳಿ. ಮನೆಗೆ ತಂದು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಭೂಮಿತಾಯಿ ಕೊಟ್ಟದ್ದನ್ನು ಬೆಳೆದವರು, ಮಾರುವವರು, ಬೇಯಿಸುವವರು ಮುಖ ನೋಡಿ ಮಾತಾಡಿ ಕೈಯಿಂದ ಕೈಗೆ ದಾಟಿಸಿದರೆ ಊಟಕ್ಕೂ ಒಂದು ಆಶೀರ್ವಾದ ಸಿಕ್ಕಂತೆ. ನಾಳೆ ಬೆಳಿಗ್ಗೆಯೇ ಹೊರಡಿ.