ತೊಂಬತ್ತೈದು ಕುದುರೆ, ಅರವತ್ತೆರಡು ಕುದುರೆ

ಬನಹಟ್ಟಿಯ ಶಂಕರೆಪ್ಪ ಹಸಿರು ಬಣ್ಣದ ಎರಡು ಸೀಟಿನ ಕಾರು ತಂದು ಮನೆ ಮುಂದೆ ನಿಲ್ಲಿಸಿದಾಗ ಅವನ ಹೆಂಡತಿ ಗುರುಬಾಯಿ ಕೇಳಿದ ಮೊದಲ ಮಾತು, “ಉಳದವ್ರು ಎಲ್ಲಿ ಕುಂಡರೂದ್ರಿ?”

“ಉಳದವ್ರು ಬಸ್ಸಿಗೆ ಬರ್ತಾರ,” ಅಂದ ಶಂಕರೆಪ್ಪ. ಕಾರಿನ ಮೂತಿಯನ್ನು ತನ್ನ ಹೆಗಲ ಮೇಲಿನ ಟವೆಲಿನಿಂದಲೇ ಒರೆಸುತ್ತಿದ್ದ. ಮೂವತ್ತು ವರ್ಷ ಪವರ್‌ಲೂಮ್ ನಡೆಸಿ, ಮಗನ ಕೈಗೆ ಮಗ್ಗ ಒಪ್ಪಿಸಿದ ಮೇಲೆ ಅವನಿಗೆ ಹತ್ತಿದ ಹುಚ್ಚು ಇದು.

ಓಣಿಯ ಜನ ಸುತ್ತ ನೆರೆದರು. ಎದುರು ಮನೆಯ ಯಲ್ಲಾಲಿಂಗ ಹೆಸರು ಓದಿ, “ಎಂಜಿ ಅಂದ್ರ ಹೆಕ್ಟರ್ ಏನ್ರಿ ಕಾಕಾ? ಭಾಳ ಸಣ್ಣದೈತಲ್ಲ?” ಅಂದ.

“ಹೆಕ್ಟರ್ ಅಲ್ಲೋ ಮಾರಾಯಾ, ಇದು ಅದರ ಮುತ್ಯಾ! ಇಂಗ್ಲೆಂಡಿನ್ಯಾಗ ಹುಟ್ಟಿದ್ದು. ಎಪ್ಪತ್ತೆರಡರ ಮಾಡೆಲ್. ತೊಂಬತ್ತೈದು ಕುದುರಿ ಬಲ!”

ಅಷ್ಟು ಕುದುರೆಗಳನ್ನು ಕಟ್ಟಿಕೊಂಡೂ ಶಂಕರೆಪ್ಪ ಕಾರನ್ನು ಓಡಿಸುತ್ತಿದ್ದುದು ಮಾತ್ರ ಟಾಂಗಾ ಓಡಿಸಿದ ಹಾಗೆ. ತೇರದಾಳಕ್ಕೆ ಹೋಗಿ ಬರುವಷ್ಟರಲ್ಲಿ ಸೈಕಲ್ಲಿನವರೂ ಮುಂದೆ ಹೋಗಿ ತಿರುಗಿ ನೋಡಿ ನಗುತ್ತಿದ್ದರು. ಪಕ್ಕದಲ್ಲಿ ಕೂತ ಗುರುಬಾಯಿಗೆ ತಲೆ ಮೇಲೆ ಮುಚ್ಚಿಗೆ ಇಲ್ಲದ ಆ ಗಾಳಿ ಬಹಳ ಹಿಡಿಸಿತ್ತು. ಆದರೆ ಹಾಗಂತ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದರೆ ಗಂಡ ಇನ್ನೊಂದು ಕಾರು ತಂದಾನು ಅನ್ನುವ ಅಂಜಿಕೆ.

ಇನ್ನೊಂದು ಕಾರು ಬಂದೇ ಬಿಟ್ಟಿತು. ತಂದವನು ಮಾತ್ರ ಮುಧೋಳದ ಧರೆಪ್ಪ. ಕಬ್ಬಿನ ಒಕ್ಕಲುತನದವನು, ಜಮಖಂಡಿ ಕಾಲೇಜಿನಲ್ಲಿ ಶಂಕರೆಪ್ಪನ ಜೊತೆ ಒಂದೇ ಬೆಂಚಿನ ಮೇಲೆ ಕೂತು ಒಟ್ಟಿಗೇ ಫೇಲಾದ ಗೆಳೆಯ. ಗೆಳೆಯನ ಕಾರು ನೋಡಿ ತಡೆಯಲಾಗದೆ ಮುಂಬೈತನಕ ಹೋಗಿ ಅದೇ ಕಂಪನಿಯ, ಅದೇ ಆಕಾರದ ಕೆಂಪು ಕಾರು ಹಿಡಿದು ತಂದಿದ್ದ. ಎಪ್ಪತ್ತೇಳರ ಮಾಡೆಲ್. ಅಮೇರಿಕಾದವರಿಗಂತ ಮಾಡಿದ ಗಾಡಿ, ಹಾಗಾಗಿ ಸ್ಟೇರಿಂಗು ಎಡಕ್ಕೆ. ಬಲಗಡೆ, ನಮ್ಮಲ್ಲಿ ಡ್ರೈವರ್ ಕೂಡುವ ಜಾಗದಲ್ಲಿ, ಅವನ ಹೆಂಡತಿ ಮಹಾದೇವಿ ಕೂತು ಉಡಿಯೊಳಗಿನ ಶೇಂಗಾ ತಿನ್ನುತ್ತ ಬನಹಟ್ಟಿಗೆ ಬಂದಳು. ಚಾದ ಅಂಗಡಿ ಮುಂದೆ ಕೂತವರು ಧಡಕ್ಕನೆ ಎದ್ದರು. “ಏ, ಆ ಹೆಣ್ಮಗಳು ಎರಡೂ ಕೈ ಬಿಟ್ಟು ಗಾಡಿ ಹೊಡ್ಯಾಕತ್ತಾಳಲೇ!” ಒಬ್ಬನಂತೂ ಗಟಾರ ಹಾರಿ ಆಚೆ ನಿಂತ.

ಗುರುಬಾಯಿ ಮಹಾದೇವಿಯನ್ನು ಒಳಗೆ ಕರೆದೊಯ್ಯುವಷ್ಟರಲ್ಲಿ ಹೊರಗೆ ಜಗಳ ಶುರುವಾಗಿತ್ತು.

“ನಂದು ಐದ ವರ್ಷ ಹೊಸಾ ಮಾಡೆಲ್ಲಲೇ ಶಂಕ್ರಾ. ಹೊಸಾದಕ್ಕ ಬಲ ಹೆಚ್ಚ ಇರ್ತೈತಿ.”

“ಇಲ್ಲಲೇ ಧರೆಪ್ಪಾ, ಅದs ಮೋಜು. ಹೊಗಿ ಕಡಿಮಿ ಮಾಡ್ರಿ ಅಂತ ಅಮೇರಿಕಾದಾಗ ಕಾಯದೆ ಬಂತು. ಕಂಪನಿಯವ್ರು ಎಂಜಿನ್ನಿಗೆ ಪೆಟ್ರೋಲ್ ಉಣಿಸೂ ಎರಡ ಕಾರ್ಬುರೇಟರ್ ತಗದು ಒಂದ ಕುಂಡ್ರಿಸಿದ್ರು. ಮ್ಯಾಲ ಇಷ್ಟ ದಪ್ಪನ ರಬ್ಬರ್ ಬಂಪರ್ ಹೇರಿದ್ರು. ನಿಂದರಾಗ ಉಳದದ್ದು ಅರವತ್ತೆರಡ ಕುದುರಿ.”

“ಹಂಗಾದ್ರ ಉಳದ ಮೂವತ್ಮೂರ ಕುದುರಿ ಎಲ್ಲಿ ಹೋದುವು? ಮೇಯಾಕ ಬಿಟ್ಟಾರೇನು?”

ಅಡುಗೆಮನೆಯಲ್ಲಿ ಮಹಾದೇವಿ ನಕ್ಕ ನಗೆಗೆ ಅವಳ ಕೈಯ ಬಸಿಯಿಂದ ಚಾ ತುಳುಕಿತು. ಮಾತಿನಲ್ಲಿ ಬಗೆಹರಿಯುವ ವಿಷಯ ಇದಲ್ಲ ಅಂತ ಇಬ್ಬರಿಗೂ ಗೊತ್ತಾಯಿತು. ರವಿವಾರ ಮುಂಜಾನೆ ಓಟ ಅಂತ ಠರಾವಾಯಿತು.

ಜಾಗ ಧರೆಪ್ಪನೇ ಹುಡುಕಿದ. ಅವನು ಕಬ್ಬು ಕಳಿಸುತ್ತಿದ್ದ ಸಕ್ಕರೆ ಕಾರ್ಖಾನೆಯ ಆವಾರದಲ್ಲಿ, ಕಬ್ಬು ಅರೆಯುವ ಹಂಗಾಮಿನಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವ ಉದ್ದನೆಯ ರಸ್ತೆ. ಹಂಗಾಮು ಮುಗಿದು ಈಗ ಅಲ್ಲಿ ನಾಯಿಯೂ ಇರಲಿಲ್ಲ. ಇಲ್ಲ, ಒಂದು ನಾಯಿ ಇತ್ತು. ಧರೆಪ್ಪ ತನ್ನ ಮುಧೋಳ ನಾಯಿಯನ್ನೂ ಕರೆತಂದಿದ್ದ. ಉದ್ದ ಕಾಲಿನ, ಒಳಸೇರಿದ ಹೊಟ್ಟೆಯ ಆ ನಾಯಿಯ ಹೆಸರು ರಾಕೆಟ್. ಕಾವಲುಗಾರ ಮಾಂತೇಶ ಗೇಟು ತೆಗೆದು, ತನ್ನ ಟೊಪ್ಪಿಗೆಯನ್ನೇ ಬಾವುಟ ಮಾಡಿಕೊಂಡು ನಿಂತ.

ಟೊಪ್ಪಿಗೆ ಇಳಿಯಿತು. ಎಲ್ಲರಿಗಿಂತ ಮೊದಲು ಓಡಿದ್ದು ರಾಕೆಟ್. ಅದರ ಹಿಂದೆ, ಮಹಾದೇವಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ ಧರೆಪ್ಪನ ಕೆಂಪು ಕಾರು ಚೀರುತ್ತ ಹೋಯಿತು. ಅದರ ಹಿಂದೆ, ತುಂಬಿದ ಬಸುರಿಯನ್ನು ಆಸ್ಪತ್ರೆಗೆ ಒಯ್ಯುವವನ ಹಾಗೆ, ಶಂಕರೆಪ್ಪ.

ಧರೆಪ್ಪ ಆ ತುದಿಯಲ್ಲಿ ಇಳಿದು ಕುಣಿದ. “ಹೊಸಾ ಮಾಡೆಲ್! ಹೊಸಾ ಮಾಡೆಲ್!” ಶಂಕರೆಪ್ಪನ ಮುಖ ಹುಳ್ಳಗಾಯಿತು. “ಐವತ್ತ ವರ್ಷದ್ದು, ದಣದೈತಿ ಪಾಪ,” ಅಂತ ಕಾರಿನ ಬೆನ್ನು ಸವರಿದ.

ಗುರುಬಾಯಿಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. ಪಕ್ಕದಲ್ಲೇ ಕೂತು ಎಲ್ಲ ನೋಡಿದ್ದಳಲ್ಲ. ಎಂಜಿನ್ನು ಇನ್ನೇನು ದನಿ ತೆಗೆಯಬೇಕು ಅನ್ನುವಷ್ಟರಲ್ಲಿ ಗಂಡ ಗೇರು ಬದಲಿಸಿ ಅದರ ಬಾಯಿ ಮುಚ್ಚುತ್ತಿದ್ದ. ಪ್ರತಿ ಸಲವೂ ಹಾಗೇ.

“ಇಳೀರಿ,” ಅಂದಳು.

“ಯಾಕ?”

“ನಾ ಹೊಡೀತೇನಿ.”

ಅನಗವಾಡಿಯ ತವರಿನಲ್ಲಿ ಲಗ್ನಕ್ಕೆ ಮೊದಲೇ ಕಬ್ಬು ಹೇರಿದ ಟ್ರ್ಯಾಕ್ಟರನ್ನು ಹೊಳೆದಂಡೆಯ ಕೆಸರಿನಿಂದ ಎತ್ತಿ ತಂದವಳು ಅವಳು. ಮದುವೆಯಾದ ಮೇಲೆ ಮಗ್ಗದ ಬಟ್ಟೆಯ ಗಂಟು ಹೇರಿಕೊಂಡು ಮನೆಯ ವ್ಯಾನು ಓಡಿಸಿದವಳು. ಶಂಕರೆಪ್ಪ ಬೇಡ ಅನ್ನಲು ಬಾಯಿ ತೆರೆದ, ಅವಳ ಕಣ್ಣು ನೋಡಿ ಇಳಿದ.

“ಅದಕ್ಕ ನೋವಾಗದಂಗ ಹೊಡಿ, ಗುರುಬಾಯಿ.”

“ನೀವು ಸುಮ್ನ ಆಕಡೆ ನಿಂದರ್ರಿ.”

ಸೆರಗನ್ನು ನಡುವಿಗೆ ಬಿಗಿದು, ಚಪ್ಪಲಿ ಬಿಟ್ಟು, ಬರಿಗಾಲು ಪೆಡಲಿನ ಮೇಲಿಟ್ಟಳು. ಎರಡೂ ಕಾರು ಮತ್ತೆ ಗೇಟಿನ ಹತ್ತಿರ ಬಂದು ನಿಂತವು. ಟೊಪ್ಪಿಗೆ ಇಳಿಯಿತು. ರಾಕೆಟ್ ಮತ್ತೆ ಎಲ್ಲರಿಗಿಂತ ಮುಂದೆ. ಗುರುಬಾಯಿ ಮೊದಲ ಗೇರಿನಲ್ಲಿ ಕಾಲು ಒತ್ತಿದಳು, ಒತ್ತುತ್ತಲೇ ಹೋದಳು. ಎಂಜಿನ್ನು ಗುರುಗುಟ್ಟಿತು, ಕೂಗಿತು. ಗಂಡ ಎಂದೂ ದಾಟಿಸದ ಆ ಜಾಗವನ್ನು ಮೀಟರಿನ ಮುಳ್ಳು ದಾಟಿದ ಮೇಲೆ, ಅಯ್ಯೋ ಶಿವನೇ, ಹಾಡತೊಡಗಿತು! ಇಷ್ಟು ದಿನ ಕೊಟ್ಟಿಗೆಯಲ್ಲೇ ನಿಂತಿದ್ದ ಕುದುರೆಗಳೆಲ್ಲ ಒಮ್ಮೆಲೇ ಹಗ್ಗ ಹರಿದುಕೊಂಡವು. ಬೆನ್ನು ಸೀಟಿಗೆ ಅಂಟಿತು. ತುರುಬು ಬಿಚ್ಚಿತು. ಎರಡನೇ ಗೇರಿಗೆ ರಾಕೆಟ್ ಹಿಂದೆ ಬಿತ್ತು, ಮೂರನೆಯದಕ್ಕೆ ಕೆಂಪು ಕಾರು ಕನ್ನಡಿಯೊಳಗೆ ಮೆಣಸಿನಕಾಯಿಯಷ್ಟಾಯಿತು. ಗುರುಬಾಯಿ ಕಿರುಚುತ್ತಿದ್ದಳು. ಕಿರುಚುತ್ತಿರುವುದು ತಾನೇ ಅಂತ ಅವಳಿಗೆ ತಿಳಿದದ್ದು ತುದಿಯಲ್ಲಿ ಕಾರು ನಿಂತ ಮೇಲೆ.

ಧರೆಪ್ಪ ತಡವಾಗಿ ಬಂದು, “ಎದುರಗಾಳಿ ಇತ್ತು,” ಅಂದ.

“ಇನ್ನೊಂದ್ಸಲ ಬರ್ರಿ ಧರೆಪ್ಪಣ್ಣಾ.”

ಇನ್ನೊಂದು ಸಲವೂ ಸೋತ. ಈ ಸಲ ಮಹಾದೇವಿಯ ಭಾರ ಹೆಚ್ಚಾಯಿತಂತೆ. ಮಹಾದೇವಿ ಗಂಡನನ್ನು ಒಂದು ನೋಟ ನೋಡಿ, ಇಳಿದು, ಬಂದು ಗುರುಬಾಯಿಯ ಪಕ್ಕದಲ್ಲಿ ಕೂತಳು. “ಈಗ ಹೊಡಿಯಕ್ಕಾ. ನನ್ನ ಭಾರ ಎಷ್ಟೈತಿ ನೋಡೇ ಬಿಡೂಣು.” ಇಬ್ಬರೂ ಹೆಂಗಸರಿದ್ದ ಹಸಿರು ಕಾರೇ ಮತ್ತೆ ಗೆದ್ದಿತು. ಕಡೆಗೆ ಗುರುಬಾಯಿ ತಾನೇ ಕೆಂಪು ಕಾರಿಗೆ ಹೋಗಿ, ಧರೆಪ್ಪನಿಗೆ ಹಸಿರು ಕಾರು ಕೊಟ್ಟಳು. ಎಷ್ಟು ಒತ್ತಿದರೂ ಕೆಂಪು ಕಾರು ಊಟ ಹೆಚ್ಚಾದವರ ಹಾಗೆ ಏದುಸಿರು ಬಿಡುತ್ತಿತ್ತೇ ಹೊರತು ಹಾಡಲಿಲ್ಲ. ಈ ಸಲ ಅವಳು ನಾಯಿಗೂ ಸೋತಳು. ಸೋತು, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹಸಿರು ಕಾರಿನಿಂದ ಇಳಿದ ಧರೆಪ್ಪನ ಕಣ್ಣು ಹೊಳೆಯುತ್ತಿದ್ದವು. “ಖರೆ ಐತೆಲೇ ಶಂಕ್ರಾ! ತೊಂಬತ್ತೈದೂ ಅದಾವು! ಎಣಿಸಿದಂಗ ಅದಾವು!” ಅಂತ ಗೆಳೆಯನನ್ನು ತಬ್ಬಿಕೊಂಡ. ಶಂಕರೆಪ್ಪ ಅವನ ಹೆಗಲ ಮೇಲಿಂದ ಹೆಂಡತಿಯನ್ನೇ ನೋಡುತ್ತಿದ್ದ. ಇವಳು ಇಷ್ಟು ವರ್ಷ ಎಲ್ಲಿದ್ದಳು ಅನ್ನುವ ಹಾಗೆ.

ಮುಧೋಳ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ನಾಲ್ವರೂ ಗಿರಮಿಟ್, ಮಿರ್ಚಿ ಬಜಿ ಹೇಳಿ ಕೂತರು. ಗುರುಬಾಯಿ ತುರುಬು ಕಟ್ಟಿಕೊಳ್ಳುತ್ತ ಬಾಯಲ್ಲೇ ಎಂಜಿನ್ನಿನ ದನಿ ಮಾಡಿ ತೋರಿಸಿದಳು. ಅದನ್ನು ಕೇಳಿ ಮಹಾದೇವಿ ನಕ್ಕರೆ, ಅವಳನ್ನು ನೋಡಿ ಗುರುಬಾಯಿ.

“ಗುರುಬಾಯಿ, ಕೀಲಿ ಕೊಡು,” ಅಂದ ಶಂಕರೆಪ್ಪ ಮೆಲ್ಲಗೆ. “ನಾನೂ ಒಮ್ಮೆ ಹಂಗ ಹೊಡದ ನೋಡ್ತೇನಿ.”

“ಕೊಡ್ತೇನ್ರಿ. ಸಂಜಿಕ್ಕ ಬಾಜೂಕ ಕುಂತು ಕಲಸ್ತೇನಿ,” ಅಂದಳು ಗುರುಬಾಯಿ. “ಈಗ ನಾವಿಬ್ರೂ ಜಮಖಂಡಿತನಕ ಹೋಗಿ ಬರ್ತೇವಿ. ನೀವು ಅರಾಮ ತಿನ್ರಿ.”

ಗಂಡಸರಿಬ್ಬರೂ ಮಿರ್ಚಿ ಹಿಡಿದ ಕೈ ಹಾಗೇ ಎತ್ತಿಕೊಂಡು ನೋಡುತ್ತಿದ್ದಂತೆ, ಇಬ್ಬರು ಹೆಂಗಸರು ಸೆರಗು ಬಿಗಿದು ಹೊರಗೆ ಓಡಿದರು.